ಕೆನಡಾದಲ್ಲಿ ಕೆಟ್ಟ ನಿದ್ದೆ

ನನಗೆ ಗುರುವಿಲ್ಲದೆ ಬಂದ ವಿದ್ಯೆ ಒಂದೇ: ನಿದ್ದೆ. ಗಜೇಂದ್ರಗಡದಲ್ಲಿ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರೆ ರೋಣ ಬಂದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಸವಡಿಯ ಬೀಗರ ಮನೆಗೆಂದು ಹೊರಟವನು ಬೆಳವಣಕಿಯಲ್ಲಿ ಕಣ್ಣು ಬಿಟ್ಟು, ತಿರುಗಿ ಹೋಗುವ ಬಸ್ಸಿಗೆ ಕಾಯುತ್ತ ಅಲ್ಲಿಯ ಕಟ್ಟೆಯ ಮೇಲೆ ಇನ್ನೊಂದು ಸುತ್ತು ಮಲಗಿದ್ದುಂಟು. ನರಗುಂದದಲ್ಲಿ ನನ್ನ ಮದುವೆಯ ದಿನ ಅರಿಷಿಣ ಹಚ್ಚುತ್ತಿರುವಾಗಲೇ ನಾನು ತೂಕಡಿಸಿದೆನೆಂದು ಹೆಂಡತಿಯ ತವರಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಹೆಂಡತಿ ಶೋಭಾ ಬಂದವರ ಮುಂದೆಲ್ಲ, "ಇವರಿಗೇನ್ರಿ, ಹಾಸಗಿ ಬ್ಯಾಡ, ದಿಂಬ ಬ್ಯಾಡ, ಎರಡ ಕಣ್ಣಿದ್ರ ಸಾಕು" ಎನ್ನುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಇಂಥ ನನ್ನ ನಿದ್ದೆ ಕೆಟ್ಟದ್ದು ಕೆನಡಾದಲ್ಲಿ. ಅರ್ಧ ಕೆಡಿಸಿದ್ದು ವಿಮಾನ, ಇನ್ನರ್ಧ ನಾನೇ.

ನಾನು ಗಜೇಂದ್ರಗಡದ ಒಂದು ನೇಕಾರರ ಸಂಘದ ಮ್ಯಾನೇಜರು. ಎರಡು ವರ್ಷದ ಹಿಂದೆ ಕೆನಡಾದ ಒಂದು ಸಂಸ್ಥೆಯವರು ಕೈಮಗ್ಗದ ಸೀರೆಗಳ ಪ್ರದರ್ಶನ ಮತ್ತು ಮಾರಾಟ ಇಟ್ಟುಕೊಂಡು ನಮ್ಮನ್ನು ಕರೆದರು. ಎರಡು ಊರು, ಏಳು ವಾರ. ಮಾರಲಿಕ್ಕೆ ಒಬ್ಬ, ಜನರ ಎದುರಿಗೆ ಕೂತು ನೇಯ್ದು ತೋರಿಸಲಿಕ್ಕೆ ಒಬ್ಬ. ಮಾರುವವನು ನಾನು. ನೇಯುವವನು ಯಾರು ಎಂದು ಸಂಘದಲ್ಲಿ ಯಾರೂ ಕೇಳಲಿಲ್ಲ. ಈರಣ್ಣನನ್ನು ಬಿಟ್ಟರೆ ಸೀರೆಯ ಮೈಗೆ ಸೆರಗನ್ನು ಜೋಡಣೆ ಕಾಣದಂತೆ ಕೂಡಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.

ಈರಣ್ಣ ಮತ್ತು ನಾನು ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನವರು. ಆಮೇಲೆ ಅವನು ಮಗ್ಗದ ಕುಣಿಗೆ ಇಳಿದ, ನಾನು ರೋಣದ ಕಾಲೇಜಿಗೆ ಹೋದೆ. ಊರೆಲ್ಲ ನನ್ನನ್ನು ಮ್ಯಾನೇಜರ್ ಸಾಹೇಬರು ಎಂದರೂ ಅವನಿಗೆ ನಾನು ಶಂಕ್ರ್ಯಾನೇ. ಸಂಘದ ಸಭೆಯಲ್ಲಿ ಅಧಿಕಾರಿಗಳು ಕೂತಿರುವಾಗಲೂ "ಲೇ ಶಂಕ್ರ್ಯಾ, ಆ ನೂಲ ಭಾಳ ಹಲ್ಕಾ ಬಂದೈತಲೇ" ಎಂದು ಎದ್ದು ನಿಲ್ಲುತ್ತಿದ್ದ. ನಾನು ಹುಬ್ಬು ಗಂಟಿಕ್ಕುತ್ತಿದ್ದೆ. ಒಳಗೆ ಮಾತ್ರ, ನನ್ನನ್ನು ಹಾಗೆ ಕರೆಯುವವನು ಒಬ್ಬನಾದರೂ ಉಳಿದಿದ್ದಾನಲ್ಲ ಎಂದು ಸಮಾಧಾನವಾಗುತ್ತಿತ್ತು.

ಬರಲು ಅವನಿಗೆ ಮನಸ್ಸಿರಲಿಲ್ಲ. ಅವನೂ ಅವನ ಹೆಂಡತಿ ಗೌರವ್ವನೂ ಮದುವೆಯಾದಾಗಿನಿಂದ ಒಂದೇ ಪಡಸಾಲೆಯಲ್ಲಿ ಹಗಲೆಲ್ಲ ಕೆಲಸ ಮಾಡಿದವರು. ಅವರ ಜಗಳಗಳು ಕೂಡ ಮಗ್ಗದ ಸಪ್ಪಳ ಮೀರುವಂತೆ ಗಟ್ಟಿ ದನಿಯಲ್ಲೇ ಆಗಬೇಕಿತ್ತು, ಹಾಗಾಗಿ ಓಣಿಗೆಲ್ಲ ಬಾಯಿಪಾಠ.

"ಅಕಿನ್ನ ಬಿಟ್ಟ ನಾ ಗದಗಿನ್ಯಾಗ ಸೈತ ಒಂದ ರಾತ್ರಿ ನಿಂತಾಂವಲ್ಲ. ಏಳ ವಾರ ಹ್ಯಾಂಗೋ?" ಎಂದ.

"ನಾ ಇರ್ತೀನಲ್ಲೋ ಮಾರಾಯಾ."

ಗೌರವ್ವನೇ ಅವನನ್ನು ಒಪ್ಪಿಸಿದಳು. "ಹೋಗಿ ಬರ್ರಿ. ಶಂಕ್ರಣ್ಣ ಜೋಡಿ ಅದಾನಂದ್ರ ನನಗೇನ ಚಿಂತಿಲ್ಲ" ಎಂದಳು.

ಕೆನಡಾದ ಆ ಊರಿಗೂ ನಮ್ಮೂರಿಗೂ ಚಳಿಗಾಲದಲ್ಲಿ ಹತ್ತೂವರೆ ತಾಸಿನ ಅಂತರ. ಗಜೇಂದ್ರಗಡದಲ್ಲಿ ಮಧ್ಯಾಹ್ನದ ರೊಟ್ಟಿಗೆ ಕೂರುವ ಹೊತ್ತಿಗೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ನಮ್ಮ ಹಿರಿಯರು ಎತ್ತಿನ ಬಂಡಿಯಲ್ಲಿ ಎಷ್ಟೇ ದೂರ ಹೋದರೂ ಹಗಲು ರಾತ್ರಿ ಅದಲುಬದಲಾಗುವ ಈ ರೋಗ ಅವರಿಗೆ ತಟ್ಟಲಿಲ್ಲ, ಎತ್ತು ಸೂರ್ಯನನ್ನು ಹಿಂದೆ ಹಾಕುವುದಿಲ್ಲವಲ್ಲ. ಹಾಗಾಗಿ ಕನ್ನಡದಲ್ಲಿ ಇದಕ್ಕೊಂದು ಹೆಸರೂ ಇಲ್ಲ. ನಿದ್ದೆಯಿಲ್ಲದ ಮೊದಲ ವಾರದಲ್ಲಿ ನಾನೇ ಒಂದು ಹೆಸರು ಕಟ್ಟಲು ಕೂತೆ. "ಹೊತ್ತು" ಎಂದರೆ ನಮ್ಮಲ್ಲಿ ಕಾಲ. ತಲೆಯ ಮೇಲೆ ಭಾರ ಇಟ್ಟುಕೊಂಡರೂ ಅದೇ ಶಬ್ದ, ಹೊತ್ತು. ಊರಿನ ಹೊತ್ತನ್ನು ಹೊತ್ತುಕೊಂಡೇ ಬಂದವನ ಕಾಯಿಲೆ ಎಂಬಲ್ಲಿಗೆ ನನ್ನ ಪಾಂಡಿತ್ಯ ನಿಂತುಹೋಯಿತು. ಅಷ್ಟರಲ್ಲಿ ಬೆಳಗಾಗಿತ್ತು, ಬೆಳಗಾದ ಕೂಡಲೇ ನಿದ್ದೆ ಬಂತು.

ಬಂದದ್ದು ಪ್ರದರ್ಶನದಲ್ಲಿ. ಉದ್ದಕ್ಕೆ ಇಳಿಬಿಟ್ಟ ಸೀರೆಗಳ ನಡುವೆ ನಿಂತು ಗಿರಾಕಿಗಳಿಗೆ ಕಾಯುತ್ತಿದ್ದವನು ನಿಂತಲ್ಲೇ ಕಣ್ಣು ಮುಚ್ಚಿದೆ. ಒಬ್ಬ ಮುದುಕಿ ನನ್ನನ್ನು ಸೀರೆ ತೋರಿಸಲು ನಿಲ್ಲಿಸಿದ ಗೊಂಬೆ ಎಂದು ತಿಳಿದು ನನ್ನ ಹೆಗಲ ಮೇಲಿನ ಬಟ್ಟೆ ಹಿಡಿದು ನೋಡಿದಳಂತೆ. ನಾನು ಗೊರಕೆ ಹೊಡೆದಾಗ ಚೀರಿದಳು. ಈರಣ್ಣ ಮಗ್ಗದಲ್ಲಿ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಊರಲ್ಲಿ ಅವನು ಹಾಗೆ ನಕ್ಕದ್ದು ಅದೊಂದೇ ಸಲ.

ಅವನ ಕಷ್ಟ ಬೇರೆ ಇತ್ತು. ನಮ್ಮದು ಕುಣಿಮಗ್ಗ, ನೆಲ ಅಗೆದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ನೇಯುವಂಥದು. ಅಲ್ಲಿಯ ಫಳಫಳ ಹೊಳೆಯುವ ನೆಲವನ್ನು ಅಗೆಯಲು ಯಾರು ಬಿಡುತ್ತಾರೆ? ಕಟ್ಟಿಗೆಯ ಎತ್ತರದ ವೇದಿಕೆ ಮಾಡಿ, ಅದರಲ್ಲಿ ಚೌಕು ಕೊರೆದು, ಅದರೊಳಗೆ ಅವನ ಕಾಲು ಇಳಿಸಿದ್ದರು. "ತೊಟ್ಟಲದಾಗ ಕುಂತಂಗ ಆಗೈತಲೇ" ಎಂದು ಅವನು ಮೊದಲ ದಿನ ಗೊಣಗಿದ. ಆದರೂ ಕೈ ಕೆಡಲಿಲ್ಲ.

ಗಡಿಯಾರದ ಮುಳ್ಳನ್ನೂ ಅವನು ತಿರುಗಿಸಲಿಲ್ಲ. ನಾನು ಹೇಳಿದಾಗಲೆಲ್ಲ "ಇರಲಿ ಬಿಡು, ಅಕಿ ಈಗ ಏನ ಮಾಡಾಕತ್ಯಾಳ ಅಂತರ ಗೊತ್ತಾಕ್ಕೈತಿ" ಎನ್ನುತ್ತಿದ್ದ. ಆಕಳು ಮಾರಿದ ಮೇಲೆ ಉಳಿದ ಕರು ಮೇವು ಮುಟ್ಟದಿದ್ದರೆ ನಮ್ಮ ಕಡೆ ಹಂಬಲ ಹತ್ತಿದೆ ಎನ್ನುತ್ತಾರೆ. ಈರಣ್ಣನಿಗೆ ಹತ್ತಿದ್ದು ಅದು. ಬಣ್ಣದ ಡಬ್ಬಿಗಳ ಊಟ ಅವನಿಗೆ ಸೇರುತ್ತಿರಲಿಲ್ಲ, ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎರಡನೆಯ ವಾರಕ್ಕೆ ಮುಗಿಯುತ್ತ ಬಂದಿದ್ದವು. ಬೆಳಿಗ್ಗೆ ಕಿಟಕಿಯ ಹೊರಗೆ ಹಿಮ ಬಿದ್ದದ್ದನ್ನು ನೋಡಿ ಅವನು ಒಂದು ಮಾತೂ ಆಡಲಿಲ್ಲ. ಬಿಳಿಯ ಬಯಲೊಂದು ಕಂಡರೆ ಯಾವ ಬೆಳೆ ಎಂದು ಕೇಳುವ ಮನುಷ್ಯ ಅವನು.

ಎಳ್ಳಮಾವಾಸ್ಯೆಯ ದಿನ ಮಾತ್ರ ಖುಷಿಯಾಗಿದ್ದ. ಊರಲ್ಲಿ ಮಧ್ಯಾಹ್ನ, ನಮಗೆ ರಾತ್ರಿ. ಗೌರವ್ವ ತಮ್ಮನ ಹೊಲದಲ್ಲಿ ಚರಗ ಚೆಲ್ಲಲು, ಎಂದರೆ ಬೆಳೆಗೆ ಎಡೆ ಕೊಡಲು, ಹೋದವಳು ಫೋನಿನಲ್ಲಿ ಮುಖ ತೋರಿಸಿದಳು. ಹಿಂದೆ ಹಾಲುಗಾಳು ಹಿಡಿದ ಬಿಳಿಜೋಳ, ಕಡಲೆ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಸಜ್ಜಿ ರೊಟ್ಟಿಯ ಮೇಲೆ ಬದನಿಕಾಯಿ ಪಲ್ಯ ಇಟ್ಟು ಫೋನಿನ ಬಾಯಿಗೆ ಹಿಡಿದು, "ತಗೋರಿ, ಆ ಮಾಡ್ರಿ" ಎಂದಳು. ಈರಣ್ಣ ಖರೇನೇ ಬಾಯಿ ತೆರೆದ. ನಾನು ಮುಖ ಆಚೆ ತಿರುಗಿಸಿದೆ.

ಮೂರನೆಯ ವಾರ ಮುಗಿಯುವಾಗ ನನಗೆ ಕರೆ ಬಂತು. ಈರಣ್ಣನಿಗಲ್ಲ, ನನಗೆ. ಮಾಡಿದವಳು ಅವನ ಮಗಳು ರೇಣುಕಾ, ನರೇಗಲ್ಲಿಗೆ ಕೊಟ್ಟ ಹುಡುಗಿ. ಅವನು ಸ್ನಾನಕ್ಕೆ ಹೋಗಿದ್ದ.

"ಕಾಕಾ, ಅವ್ವಗ ಲಕ್ವಾ ಹೊಡದೈತ್ರಿ. ಬಲಗೈ, ಬಲಗಾಲ ಏಳವಲ್ಲವು. ಹುಬ್ಬಳ್ಳಿ ದವಾಖಾನ್ಯಾಗ ಅದೀವಿ. ಮಾತ ತೊದಲ್ತಾವು, ಆದ್ರ ಆಡ್ತಾಳ. ಅಪ್ಪಗ ಹೇಳಬ್ಯಾಡ್ರಿ. ಅಂವಗ ಬಿಪಿ ಐತಿ. ಒಬ್ಬನ ಬರೂ ದಾರ್ಯಾಗ ಏನರ ಆದ್ರ ನಾವೇನ ಮಾಡೂಣ್ರಿ?"

ಹೇಳುವುದಿಲ್ಲ ಎಂದೆ. ಈ ಮಾತನ್ನು ಎಷ್ಟು ಲಗೂ ಹೇಳಿದೆನೆಂಬುದು ನನಗೆ ಈಗಲೂ ನೆನಪಿದೆ. ಹುಡುಗಿ ಇನ್ನೂ ಅಳುತ್ತಿದ್ದಳು, ನಾನು ಒಪ್ಪಿಯೇ ಬಿಟ್ಟಿದ್ದೆ. ಕಾರಣಗಳು ಒಂದರ ಹಿಂದೊಂದು ತಾವಾಗಿಯೇ ಬಂದವು: ಮೂರು ವಿಮಾನ ನಿಲ್ದಾಣ ದಾಟಬೇಕು, ಇವನಿಗೆ ಇಂಗ್ಲಿಷ್ ಬರುವುದಿಲ್ಲ, ಹೇಗಿದ್ದರೂ ಡಾಕ್ಟರರು ನೋಡುತ್ತಿದ್ದಾರೆ, ಇವನು ಹೋಗಿ ಮಾಡುವುದಾದರೂ ಏನು. ಎಲ್ಲವೂ ಚಲೋ ಕಾರಣಗಳೇ. ಅವುಗಳ ಹಿಂದೆ ಇನ್ನೊಂದಿತ್ತು. ಮುಂದಿನ ವಾರ ಎರಡನೆಯ ಊರಿನ ದೊಡ್ಡ ಪ್ರದರ್ಶನ. ಪತ್ರಿಕೆಯವರು ಬರುವವರಿದ್ದರು. ಮಗ್ಗ ಖಾಲಿ ಇದ್ದರೆ ನಮ್ಮ ಮಳಿಗೆಗೆ ಯಾರು ಬರುತ್ತಾರೆ? ಸಂಘದ ಮರ್ಯಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ನನ್ನ ಮರ್ಯಾದೆಯ ಪಾಲು ಎಷ್ಟು ಎಂದು ಕೇಳಿಕೊಳ್ಳಲಿಲ್ಲ.

ಮೂರನೆಯ ದಿನ ಶೋಭಾ ಫೋನಿನಲ್ಲಿ, "ಅವರಿಗೆ ಹೇಳ್ರಿ. ಹೇಳೂದರಾಗ ಏನೈತಿ? ನಾ ಗೌರಕ್ಕನ ನೋಡಿ ಬಂದೀನಿ, ಬಾಗಲಾ ನೋಡ್ಕೋಂತ ಮಲಗ್ಯಾಳ" ಎಂದಳು.

"ನಿನಗ ಇಲ್ಲೀದು ಗೊತ್ತಾಗೂದಿಲ್ಲ" ಎಂದು ಅವಳ ಬಾಯಿ ಮುಚ್ಚಿಸಿದೆ.

ಗೌರವ್ವ ಫೋನಿಗೆ ಯಾಕೆ ಬರುತ್ತಿಲ್ಲ ಎಂದು ಈರಣ್ಣ ಕೇಳದೆ ಇರುತ್ತಾನೆಯೇ? ಫೋನು ನೀರಿಗೆ ಬಿದ್ದಿದೆ ಎಂದು ರೇಣುಕಾ ಒಂದು ಸುಳ್ಳು ಹೇಳಿದಳು. ಅದು ಎರಡು ದಿನ ನಡೆಯಿತು. ಆಮೇಲೆ ನಾನೊಂದು ಸೇರಿಸಿದೆ: ಗೌರವ್ವ ಸವಡಿಗೆ ಲಗ್ನಕ್ಕೆ ಹೋಗಿದ್ದಾಳೆ.

ಈರಣ್ಣ ನೂಲು ಬಿಡಿಸುತ್ತಿದ್ದ ಕೈ ನಿಲ್ಲಿಸಿದ. "ಪುಷ್ಯದಾಗ ಲಗ್ನ?"

ಎಳ್ಳಮಾವಾಸ್ಯೆ ಆದ ಮೇಲೆ ಬರುವುದು ಪುಷ್ಯ ಮಾಸ. ಆ ತಿಂಗಳು ನಮ್ಮಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಊರಿನ ಹೊತ್ತಿನ ಬಗ್ಗೆ ಅಷ್ಟೆಲ್ಲ ಪಾಂಡಿತ್ಯ ತೋರಿಸಿದವನು ಊರಿನ ತಿಂಗಳನ್ನೇ ಮರೆತಿದ್ದೆ.

"ಲಗ್ನ ಅಲ್ಲೋ, ಹಂಗಾ ಯಾರದೋ ಮನಿಗೆ" ಎಂದೆ.

"ಹೌದೇನು" ಎಂದ. ಆಮೇಲೆ ಅವನು ಏನೂ ಕೇಳಲಿಲ್ಲ. ಅವನು ನಂಬಿದ ಎಂದು ನಾನು ನಂಬಿದೆ.

ಎರಡನೆಯ ಊರಿಗೆ ಹೋದೆವು. ಹೊತ್ತಿನ ಕಾಯಿಲೆ ಅಷ್ಟರಲ್ಲಿ ನನ್ನನ್ನು ಬಿಟ್ಟಿರಬೇಕಿತ್ತು. ಹೊಟ್ಟೆ ಅಲ್ಲಿಯ ಗಡಿಯಾರಕ್ಕೆ ಹೊಂದಿಕೊಂಡಿತ್ತು, ಕಾಲು ಹೊಂದಿಕೊಂಡಿತ್ತು. ನಿದ್ದೆ ಮಾತ್ರ ಬರಲಿಲ್ಲ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನನ್ನ ಕೆಂಪು ಕಣ್ಣು ನೋಡಿ ಇನ್ನೂ ಪ್ರಯಾಣದ ಆಯಾಸ ಹೋಗಿಲ್ಲವೇ ಎಂದು ಕೇಳಿದಳು. ಹೌದು, ನನಗೆ ಅದು ಸ್ವಲ್ಪ ಹೆಚ್ಚೇ ಎಂದೆ. ಪಕ್ಕದ ಮಂಚದಲ್ಲಿ ಈರಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಇಬ್ಬರೂ ಎಚ್ಚರವಾಗಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಮೊದಲ ವಾರಗಳಲ್ಲಾಗಿದ್ದರೆ ಎದ್ದು ಚಹಾ ಕಾಸುತ್ತಿದ್ದೆವು.

ಲಕ್ವಾ ಹೊಡೆದ ಆರನೆಯ ದಿನ ರೇಣುಕಾ ಮತ್ತೆ ಕರೆ ಮಾಡಿದಳು. ಇನ್ನೊಂದು ಸಲ ಹೊಡೆದಿತ್ತು. ಮಾತು ನಿಂತುಹೋಗಿತ್ತು. ಆಗಲಾದರೂ ಹೇಳಬೇಕಿತ್ತು. ಮೊದಲೇ ಹೇಳಬಹುದಿತ್ತಲ್ಲ ಎಂದು ಅವನು ಕೇಳುತ್ತಾನಲ್ಲ ಎಂಬ ಒಂದೇ ಹೆದರಿಕೆಯಿಂದ ಮತ್ತೆ ಮೂರು ದಿನ ಸುಮ್ಮನಿದ್ದೆ.

ಒಂಬತ್ತನೆಯ ದಿನ ಮಧ್ಯಾಹ್ನ ಮಗ್ಗದ ಸುತ್ತ ಜನ ನಿಂತಿದ್ದರು. ಫೋನು ಎತ್ತಿ ಹಿಡಿದು ಲಾಳಿ ಆಚೆಗೀಚೆಗೆ ಓಡುವುದನ್ನು ಚಿತ್ರ ತೆಗೆಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಸೆರಗಿನ ಬಗ್ಗೆ ನನ್ನ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಲಾಳಿ ನಿಂತಿತು.

"ಶಂಕ್ರ್ಯಾ" ಎಂದ ಈರಣ್ಣ, ತಲೆ ಎತ್ತದೆ. "ಗೌರಿ ಅದಾಳೋ ಇಲ್ಲೋ? ಅಷ್ಟ ಹೇಳು."

ಜನ ಅದೂ ಮಗ್ಗದ ವಿಷಯವೇ ಇರಬೇಕೆಂದು ನನ್ನ ಕಡೆ ತಿರುಗಿ ನೋಡಿದರು.

"ಅದಾಳೋ. ಅದಾಳ. ಲಕ್ವಾ ಹೊಡದೈತಿ. ದವಾಖಾನ್ಯಾಗ ಅದಾಳ."

"ಮಾತಾಡ್ತಾಳೇನು?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಎಂದ ಆಗಿದ್ದು?"

"ಒಂಬತ್ತ ದಿನ ಆತು."

ಅವನು ಹಿಡಿದಿದ್ದ ಸಾಲನ್ನು ಪೂರ್ತಿ ಮಾಡಿದ, ಎಳೆ ಕಟ್ಟಿದ, ಆ ಚೌಕದಿಂದ ಕಾಲು ಎತ್ತಿಕೊಂಡು ಕೆಳಗಿಳಿದ. ಯಾರೋ ಚಪ್ಪಾಳೆ ತಟ್ಟಿದರು, ಪ್ರದರ್ಶನ ಮುಗಿಯಿತೆಂದು.

"ಏನೋ ಆಗೈತಿ ಅನ್ನೂದು ನನಗ ಆ ಪುಷ್ಯದ ಲಗ್ನದ ದಿನಾನ ಗೊತ್ತಾತು. ನೀ ಹೇಳ್ತೀ, ಇವತ್ತ ಹೇಳ್ತೀ, ನಾಳಿಗೆ ಹೇಳ್ತೀ ಅಂತ ಕಾದೆ" ಎಂದ.

ಮರುದಿನದ ವಿಮಾನಕ್ಕೆ ವ್ಯವಸ್ಥೆಯಾಯಿತು. ಇಂಗ್ಲಿಷ್ ಬಾರದ, ಬಿಪಿ ಇರುವ ಈರಣ್ಣ ಕೊರಳಿಗೊಂದು ಚೀಟಿ ಕಟ್ಟಿಕೊಂಡು ಮೂರು ನಿಲ್ದಾಣಗಳನ್ನೂ ಯಾವ ತೊಂದರೆಯಿಲ್ಲದೆ ದಾಟಿ ಊರು ಮುಟ್ಟಿದ. ಹೊರಡುವಾಗ ನಾನು "ನಾನೂ ಬರ್ತೀನಿ" ಎಂದೆ. ಅವನು ಚೀಲದ ಬಾಯಿ ಕಟ್ಟುತ್ತ, "ಬ್ಯಾಡ್ರಿ. ನೀವು ನಿಮ್ಮ ಕೆಲಸ ಮುಗಿಸ್ಕೊಂಡ ಬರ್ರಿ" ಎಂದ.

ನಲವತ್ತೈದು ವರ್ಷದಲ್ಲಿ ಅವನು ನನಗೆ ಕೊಟ್ಟ ಮೊದಲ ಮರ್ಯಾದೆ. ಬೈದಿದ್ದರೆ ಬದುಕುತ್ತಿದ್ದೆ.

ಉಳಿದ ದಿನಗಳಲ್ಲಿ ನಾನು ಒಬ್ಬನೇ ಸೀರೆ ಮಾರಿದೆ. ಮಗ್ಗ ಖಾಲಿ ನಿಂತಿತ್ತು, ಅರ್ಧ ಸೆರಗು ಅದರಲ್ಲಿ ಹಾಗೇ ಇತ್ತು. ಜನ ಬಂದರು, ಮಗ್ಗವನ್ನು ಮುಟ್ಟಿ ನೋಡಿದರು, ಚೆಂದ ಇದೆ ಎಂದರು, ಸೀರೆ ಕೊಂಡರು. ವ್ಯಾಪಾರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಪತ್ರಿಕೆಯವರೂ ಬಂದು ಬರೆದುಕೊಂಡು ಹೋದರು. ನೇಯುವವನು ಎಲ್ಲಿ ಎಂದು ಕೇಳಿದವರು ಇಬ್ಬರೋ ಮೂವರೋ. ಈರಣ್ಣ ಇರದಿದ್ದರೆ ಎಲ್ಲ ಕೆಡುತ್ತದೆ ಎಂದು ನಾನು ಅವನಿಂದ ಕಸಿದುಕೊಂಡ ಒಂಬತ್ತು ದಿನ ಯಾರಿಗೂ ಬೇಕಾಗಿರಲೇ ಇಲ್ಲ.

ಊರಿಗೆ ಬಂದ ಮೇಲೆ ದೇಹ ಮತ್ತೆ ಉಲ್ಟಾ ಆಯಿತು. ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಎಚ್ಚರ. ಆ ಮಂಪರಿನಲ್ಲೇ ಈರಣ್ಣನ ಮನೆಗೆ ಹೋದೆ. ಗೌರವ್ವ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು. ನನ್ನನ್ನು ನೋಡಿ ಎಡಗೈ ಸ್ವಲ್ಪ ಎತ್ತಿದಳು. ಈರಣ್ಣ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿ ಮಗ್ಗಕ್ಕಿಳಿದ. ರೇಣುಕಾ ಚಹಾ ಕೊಡುತ್ತ, ನನ್ನನ್ನು ನೋಯಿಸಬೇಕೆಂದಲ್ಲ, ತನ್ನ ಭಾರ ಇಳಿಸಿಕೊಳ್ಳಲು ಹೇಳಿದಳು:

"ಮೊದಲ ಐದ ದಿನ ಅವ್ವ ಮಾತಾಡ್ತಿದ್ಲ ಕಾಕಾ. ತೊದಲ್ತಿದ್ಲು, ಖರೇ, ತಿಳೀತಿತ್ತು. ಅಪ್ಪನ ಕರೀರಿ, ಒಂದ ಮಾತ ಹೇಳೂದೈತಿ ಅಂತಿದ್ಲು. ನಮಗ ಹೇಳು ಅಂದ್ರ ಒಲ್ಲೆ ಅಂದ್ಲು. ಬರ್ತಾನ, ಬರ್ತಾನ ಅಂದ್ವಿ."

ಅವಳ ಕಿವಿಗೆ ಒಂದು ಫೋನು ಹಿಡಿದಿದ್ದರೆ ಸಾಕಿತ್ತು. ವಿಮಾನ ಬೇಕಿರಲಿಲ್ಲ, ಇಂಗ್ಲಿಷ್ ಬೇಕಿರಲಿಲ್ಲ, ಪ್ರದರ್ಶನ ನಿಲ್ಲಬೇಕಿರಲಿಲ್ಲ. ಕಳಿಸಬೇಕೋ ಬೇಡವೋ ಎಂದು ಅಷ್ಟು ರಾತ್ರಿ ತೂಗಿನೋಡಿದ ನನಗೆ ಈ ಸಣ್ಣ ಸಂಗತಿ ಒಮ್ಮೆಯೂ ಹೊಳೆದಿರಲಿಲ್ಲ. ಚಹಾ ಆರಿಹೋಯಿತು.

ಎದ್ದು ಬರುವಾಗ ಈರಣ್ಣ ಮಗ್ಗದಿಂದ ಹತ್ತಿ ಬಂದು, ರಾಟೆಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ಅದನ್ನು ಸುತ್ತುವುದು ಗೌರವ್ವನ ಕೆಲಸವಾಗಿತ್ತು. ಈಗ ಅವನೇ ಒಂದಿಷ್ಟು ಸುತ್ತಬೇಕು, ಕುಣಿಗಿಳಿದು ನೇಯಬೇಕು, ಮುಗಿದ ಕೂಡಲೇ ಮತ್ತೆ ಹತ್ತಿ ಬರಬೇಕು. ಅವನ ಮೊಣಕಾಲು ಕಟಕಟ ಎನ್ನುವುದು ಕೇಳಿಸಿತು.

"ನಾ ಸುತ್ತಲೇನು?" ಎಂದೆ.

"ನಿಮಗ್ಯಾಕ್ರಿ ತ್ರಾಸ" ಎಂದ. ಆದರೆ ಬೇಡವೆನ್ನಲಿಲ್ಲ.

ಅಂದಿನಿಂದ ಸಂಘದ ಕೆಲಸ ಮುಗಿಸಿ ದಿನಾ ಸಂಜೆ ಅಲ್ಲಿ ಹೋಗಿ ಕೂರುತ್ತೇನೆ. ಇಪ್ಪತ್ತು ವರ್ಷ ನೇಕಾರರ ಮ್ಯಾನೇಜರಾಗಿದ್ದವನಿಗೆ ಒಂದು ಕಂಡಿಕೆ ಸುತ್ತಲು ಬರುವುದಿಲ್ಲ ಎಂಬುದು ಮೊದಲ ಸಂಜೆಯೇ ಓಣಿಗೆಲ್ಲ ಗೊತ್ತಾಯಿತು. ಎಳೆ ಹರಿಯುತ್ತಿತ್ತು, ಗಂಟು ಬೀಳುತ್ತಿತ್ತು, ನಾನು ಸುತ್ತಿದ್ದು ಲಾಳಿಯಲ್ಲಿ ಸಿಕ್ಕಾಗುತ್ತಿತ್ತು. ಈರಣ್ಣ ಏನೂ ಅನ್ನದೆ ಅದನ್ನು ತೆಗೆದು ಬದಿಗಿಟ್ಟು ತಾನು ಸುತ್ತಿದ್ದನ್ನು ಹಾಕಿಕೊಳ್ಳುತ್ತಿದ್ದ. ನಾವಿಬ್ಬರೂ ಈಗ ಬಹಳ ಮರ್ಯಾದೆಯಿಂದ ಮಾತಾಡುತ್ತೇವೆ. ಅದು ಹಾಗೇ ಇರುತ್ತದೆ ಎಂದು ಒಪ್ಪಿಕೊಂಡಿದ್ದೇನೆ. ಕೇಳಿ ಪಡೆಯುವ ಕ್ಷಮೆಗೂ ನಾನು ಕೈ ಚಾಚಿಲ್ಲ. ಕೊಡಬೇಕಾದವರಲ್ಲಿ ಒಬ್ಬರಿಗೆ ಮಾತಿಲ್ಲ, ಇನ್ನೊಬ್ಬರಿಗೆ ಮಾತು ಬೇಡವಾಗಿದೆ.

ಗೌರವ್ವನಿಗೆ ದವಾಖಾನೆಯವರು ಬಾಯಿಯ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮನೆಯವರ ಎದುರು ಒಂದೆರಡು ಶಬ್ದ ಆಡುತ್ತಾಳೆಂದು ರೇಣುಕಾ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ. ಹೋದ ವಾರ ಒಂದು ಸಂಜೆ ಎಂದಿನಂತೆ ರಾಟೆಯ ಮುಂದೆ ಕೂತಿದ್ದೆ. ಒಂದು ಕಂಡಿಕೆ ಎಲ್ಲೂ ಹರಿಯದೆ, ಗಂಟಿಲ್ಲದೆ ಸುತ್ತಿ ಮುಗಿಯಿತು. ನನಗೇ ಹೆಮ್ಮೆಯಾಗಿ ಅದನ್ನು ಬೆಳಕಿಗೆ ಹಿಡಿದೆ. ಹೊರಸಿನ ಕಡೆಯಿಂದ ಏನೋ ಸಪ್ಪಳ ಕೇಳಿತು. ಗೌರವ್ವ ಎಡಗೈ ಚಾಚಿದ್ದಳು. ಕೊಟ್ಟೆ. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದಳು, ಬಹಳ ಹೊತ್ತು ಬಾಯಿ ಆಡಿಸಿದಳು. ಮಗ್ಗ ನಿಂತಿತು, ಈರಣ್ಣನೂ ನೋಡುತ್ತಿದ್ದ.

"ಸಡ್ಲ" ಎಂದಳು.

ಕಂಡಿಕೆಯನ್ನು ಇಸಿದುಕೊಂಡೆ. ನೂಲನ್ನೆಲ್ಲ ಬಿಚ್ಚಿ, ಈ ಸಲ ಬೆರಳಿಗೆ ಎಳೆ ಕೊರೆಯುವಷ್ಟು ಬಿಗಿಯಾಗಿ, ಮೊದಲಿನಿಂದ ಸುತ್ತತೊಡಗಿದೆ.